ರಾಮಧಾನ್ಯಚರಿತೆಯ ಧಾನ್ಯಪರೀಕ್ಷೆ

ಕನಕದಾಸರ ರಾಮಧಾನ್ಯಚರಿತೆಯು ಭಾಮಿನೀ ಷಟ್ಪದಿಯಲ್ಲಿ ರಚಿತವಾದ ಕಿರುಗಾವ್ಯವು. ಇದರಲ್ಲಿ ವ್ರೀಹಿಯೂ ನರೆದಲೆಗವೂ, ಎಂದರೆ ಬತ್ತವೂ ರಾಗಿಯೂ, ಶ್ರೀರಾಮನ ಸನ್ನಿಧಿಯಲ್ಲಿ ಹಿರಿಮೆಗಾಗಿ ವಾದಿಸುವುವು. ಈ ವಾದವು ಕುಲದ ಮೇಲುಕೀಳುಗಳ ರೂಪಕವೆಂದು ವಿಮರ್ಶಕರು ವಿವರಿಸುತ್ತ ಬಂದಿರುವರು. ಅದು ಯುಕ್ತವೇ ಸರಿ. ಆದರೆ ಆ ಒಂದರ್ಥದಲ್ಲಿಯೇ ನಿಂತರೆ ಕಾವ್ಯದ ಧಾನ್ಯವು ಧಾನ್ಯವಾಗಿ ಉಳಿಯದು.

ನರೆದಲೆಗದ ಪ್ರಬಲವಾದ ವಾದವು ಕ್ಷಾಮವನ್ನು ಕುರಿತದ್ದು: ಮಳೆ ತೆಗೆದು ಲೋಕವು ಹಸಿದಾಗ ಜೀವಿಗಳನ್ನು ಸಲಹುವುದು ತಾನೇ ಎಂದು ಅದು ಹೇಳಿಕೊಳ್ಳುವುದು. ರಾಮನು ವಿಧಿಸಿದ ಪರೀಕ್ಷೆಯಾದರೋ ಬೇರೆ. ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಲಾಗಿ, ವ್ರೀಹಿಯು ಕಂದುವುದು, ನರೆದಲೆಗವು ಕೆಡದೆ ಉಳಿಯುವುದು. ವಾದವು ಹೊಲದ ಪೈರನ್ನು ಕುರಿತದ್ದು. ಪರೀಕ್ಷೆಯು ಹಗೇವಿನ ಕಾಳನ್ನು ಕುರಿತದ್ದು. ಬಹುಕಾಲ ಕೆಡದ ಕಾಳೆಲ್ಲವೂ ಬರ ತಾಳುವ ಪೈರಿನದೇ ಆಗಿರಬೇಕೆಂಬ ನಿಯಮವಿಲ್ಲ.

ಹಿಂಗಾರಿ ಗೋಧಿಯ ಉದಾಹರಣೆಯಿಂದ ಈ ಭೇದದ ಮಹತ್ವವು ಸ್ಪಷ್ಟವಾಗುವುದು. ಬೀದರ ಜಿಲ್ಲೆಯ ಔರಾದ ತಾಲೂಕಿನ ಎಕಂಬಾದಂತಹ ಊರುಗಳ ಸೀಮೆಯಲ್ಲಿ ನೀರಾವರಿಯಿಲ್ಲದ ಗೋಧಿಯು ಎರೆನೆಲವು ಹಿಡಿದಿಟ್ಟ ತೇವದಿಂದಲೇ ಬೆಳೆಯಬೇಕು. ಕಾಳು ಕಟ್ಟುವ ಹೊತ್ತಿಗೆ ಆ ತೇವವು ಆರುತ್ತ ಬರುವುದು. ೧೯೬೦ರ ದಶಕದಲ್ಲಿ ಭಾರತಕ್ಕೆ ಬಂದ, ಜಪಾನಿನ ನೋರಿನ್-೧೦ರ ವಂಶದ ಗಿಡ್ಡ ಗೋಧಿಗಳು ನೀರು ಗೊಬ್ಬರಗಳಿದ್ದಲ್ಲಿ ವಿಪುಲವಾಗಿ ಫಲಿಸಿದುವು. ಆದರೆ ಗಿಡ್ಡತನವನ್ನು ತಂದ ಗುಣವೇ ಮೊಳಕೆಯ ಹೊದಿಕೆಯನ್ನೂ ಮೋಟಾಗಿಸಿದುದರಿಂದ, ಮೇಲ್ಮಣ್ಣು ಒಣಗಿ ಬೀಜವನ್ನು ಆಳಕ್ಕೆ ಬಿತ್ತಬೇಕಾದಲ್ಲಿ ಅವು ಮೇಲೇಳಲು ಕಷ್ಟಪಡುವುವು. ಎತ್ತರದ ಹಳೆಯ ತಳಿಗಳಿಗೆ ಈ ತೊಡಕು ಕಡಿಮೆ. ಇದಲ್ಲದೆ ಬೇಗ ಮಾಗಿ ಬರದಿಂದ ತಪ್ಪಿಸಿಕೊಳ್ಳುವುದು ಬೇರೆ, ಬೇರನ್ನು ಆಳಕ್ಕಿಳಿಸಿ ಬರವನ್ನು ತಾಳುವುದು ಬೇರೆ. ಬರದಲ್ಲಿ ಬದುಕಿದ ಗಿಡವೆಲ್ಲ ತುಂಬುದೆನೆಯನ್ನು ಕೊಡುವುದೂ ಇಲ್ಲ. ಆದುದರಿಂದ ತಳಿ ಬೆಳೆಸುವವನು ಯಾವ ನೆಲದಲ್ಲಿ, ಯಾವ ಕೊರತೆಯಲ್ಲಿ ಪರೀಕ್ಷಿಸುವೆನೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕಾಗುವುದು.

ಹಾಗಾದರೆ ಕವಿಯು ತಪ್ಪಿದರೇ? ಇಲ್ಲ. ಕಾವ್ಯದ ಸೆರೆವಾಸವು ವ್ಯವಸಾಯದ ಪ್ರಯೋಗವಲ್ಲ. ಸಂಕಟದಲ್ಲಿ ಉಳಿಯುವ ಸತ್ತ್ವವೇ ಹಿರಿಮೆಯ ಅಳತೆಯೆಂಬುದನ್ನು ಕಣ್ಣಿಗೆ ಕಾಣಿಸುವ ಉಪಾಯವು. ಆದರೂ ತೀರ್ಪಿನ ಸಂಭ್ರಮದಲ್ಲಿ ನರೆದಲೆಗವು ಆಡಿದ ಕ್ಷಾಮದ ಮಾತು ಹಿಂದೆ ಸರಿಯುವುದು ನಿಜ. ಅದನ್ನು ಮುಂದೆ ತಂದು ಓದಿಸುವುದು ಅಧ್ಯಾಪಕರ ಕರ್ತವ್ಯವು. ಕೊನೆಗೆ ರಾಮನು ನರೆದಲೆಗಕ್ಕೆ ತನ್ನ ಹೆಸರನ್ನಿತ್ತರೂ ವ್ರೀಹಿಯನ್ನು ತೊರೆಯದೆ ಸಂತೈಸುವನು. ನೀರುಳ್ಳ ಗದ್ದೆಯ ಹಿರಿಮೆಯೇ ಬೇರೆ, ಮಳೆಯನ್ನು ನಂಬಿದ ಹೊಲದ ಹಿರಿಮೆಯೇ ಬೇರೆ ಎಂಬ ವಿವೇಕವು ಆ ಸಾಂತ್ವನದಲ್ಲಿ ಅಡಗಿರುವುದು.