ಖಳರಿಲ್ಲದ ಮನೆಯ ಕತೆ

ಅತ್ತೆ ಒಂದು ಮಾತು ಆಡುತ್ತಾಳೆ. ಕ್ಯಾಮೆರಾ ಸೊಸೆಯ ಮುಖಕ್ಕೆ ಮೂರು ಸಲ ನುಗ್ಗುತ್ತದೆ. ಹಿಂದೆ ಗುಡುಗಿನ ಸದ್ದು. ಕೌಟುಂಬಿಕ ಸಂಘರ್ಷವೆಂದರೆ ಇದೇ ಎಂದು ದಿನನಿತ್ಯದ ಧಾರಾವಾಹಿಗಳು ನಮಗೆ ರೂಢಿ ಮಾಡಿಸಿವೆ. ನೂರಾರು ಕಂತುಗಳ ತನಕ ಕತೆ ಎಳೆಯಬೇಕಾದರೆ ಮನೆಯೊಳಗೆ ಒಬ್ಬ ಖಳ, ಹೆಚ್ಚಾಗಿ ಖಳಳು, ಬೇಕೇ ಬೇಕು. ಅವಳು ಸೋತ ದಿನ ಕತೆ ಮುಗಿಯುತ್ತದೆ. ಆದ್ದರಿಂದ ಅವಳನ್ನು ಸೋಲಲು ಬಿಡುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. 1985ರಲ್ಲಿ ಪಾಕಿಸ್ತಾನ ಟೆಲಿವಿಷನ್‌ನಲ್ಲಿ ಪ್ರಸಾರವಾದ 'ತನ್ಹಾಯಿಯಾಂ' ಕೇವಲ ಹದಿಮೂರು ಕಂತುಗಳ ನಾಟಕ. ಬರೆದವರು 2021ರಲ್ಲಿ ನಿಧನರಾದ ಹಸೀನಾ ಮೊಯಿನ್. ನಿರ್ದೇಶಕರು ಶಹಜಾದ್ ಖಲೀಲ್. ವೀಡಿಯೊ ಕ್ಯಾಸೆಟ್‌ಗಳ ಕಾಲದಲ್ಲಿ ಇಂಥ ನಾಟಕಗಳು ಗಡಿ ದಾಟಿ ನಮ್ಮ ಉರ್ದು ಬಲ್ಲ ಮನೆಗಳಿಗೂ ಬಂದವು. ಕೈಯಿಂದ ಕೈಗೆ ದಾಟಿ ಚಿತ್ರ ಮಸುಕಾದ ಕ್ಯಾಸೆಟ್‌ನಲ್ಲೇ ನಾವೂ ಇದನ್ನು ನೋಡಿದ್ದು.

ಕರಾಚಿಯ ಸಿರಿವಂತ ಮನೆಯ ಝಾರಾ ಮತ್ತು ಸನಿಯಾ ಅಪಘಾತದಲ್ಲಿ ತಂದೆತಾಯಿಯನ್ನು ಕಳೆದುಕೊಳ್ಳುತ್ತಾರೆ. ಸಾಲಕ್ಕೆ ಮನೆಯೂ ಹೋಗುತ್ತದೆ. ಆಸರೆಯಾಗುವವಳು ಖಾಲಾ ಆನಿ. ಕಳೆದುಕೊಂಡ ಮನೆಯನ್ನು ಮರಳಿ ಕೊಳ್ಳಲೇಬೇಕೆಂಬ ಹಟ ಝಾರಾಳನ್ನು ಹಿಡಿಯುತ್ತದೆ. ಈ ಹಟ ತಪ್ಪಲ್ಲ; ಅದು ದುಃಖದ ಇನ್ನೊಂದು ರೂಪ. ಆದರೆ ಅದೇ ಅವಳನ್ನು ದಿನೇ ದಿನೇ ಗಡುಸಾಗಿಸಿ, ಪ್ರೀತಿಸುವವರಿಂದ ದೂರ ಮಾಡುತ್ತದೆ. ತಂಗಿ ನಗುವಿನಲ್ಲಿ ನೋವು ಮರೆಯುತ್ತಾಳೆ, ಅಕ್ಕ ದುಡಿಮೆಯಲ್ಲಿ. ಸಂಘರ್ಷ ಇರುವುದು ಇಲ್ಲಿ. ಬಹುಪಾಲು ಕೋಣೆಗಳೊಳಗೇ ನಡೆಯುವ ಈ ನಾಟಕದಲ್ಲಿ ನಮ್ಮ ಕಣ್ಣಿಗೆ ಕಟ್ಟುವುದು ಕೈತಪ್ಪಿಹೋದ ಆ ಮನೆಯೇ. ಗೋಡೆಗಳನ್ನು ಮರಳಿ ಪಡೆಯಬಹುದು, ಅವುಗಳೊಳಗೆ ಬಾಳಿದವರನ್ನಲ್ಲ ಎಂಬ ಅರಿವಿನತ್ತ ಕತೆ ಸಾಗುತ್ತದೆ.

ಕೊರತೆಗಳೂ ಇವೆ. ಚಿತ್ರ ಹೇಳಬಹುದಾದದ್ದನ್ನೂ ಹಲವೆಡೆ ಸಂಭಾಷಣೆಯೇ ಹೇಳಿಬಿಡುತ್ತದೆ. ಇಲ್ಲಿನ ಪತನವೂ ಉಳ್ಳವರ ಪತನ. ಬಿದ್ದವರಿಗೆ ಮೆತ್ತನೆಯ ನೆಲವಿದೆ. ಮನೆ ಕಳೆದುಕೊಂಡ ಬಡವರ ಮಕ್ಕಳಿಗೆ ಇಂಥ ಖಾಲಾ ಎಲ್ಲಿ ಸಿಗಬೇಕು?

ಆದರೂ ಈ ನಾಟಕ ನಮ್ಮನ್ನು ಬಿಡಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಹಳೆಯ ಮನೆಯ ಪಾಲಿನ ವಿಷಯದಲ್ಲಿ ನಮ್ಮ ಒಡಹುಟ್ಟಿದವರ ನಡುವೆಯೇ ಮಾತು ನಿಂತಿತ್ತು. ಆಗ ನಾವು ಮಾಡಿದ ಮೊದಲ ಕೆಲಸ, ಇದಕ್ಕೆಲ್ಲ ಕಾರಣ ಯಾರೆಂದು ಹುಡುಕಿದ್ದು. ಹೊರಗಿನಿಂದ ಬಂದ ಸೊಸೆಯ ಮೇಲೆ ಬೆರಳು ತೋರಿಸುವುದು ಎಷ್ಟು ಸುಲಭವಾಗಿತ್ತು! ವಾಸ್ತವದಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಪ್ರತಿಯೊಬ್ಬರೂ ಅಬ್ಬಾನನ್ನೇ ಉಳಿಸಿಕೊಳ್ಳಲು ಹೊರಟಿದ್ದರು, ಗೋಡೆಗಳ ರೂಪದಲ್ಲಿ.

ದಿನನಿತ್ಯದ ಧಾರಾವಾಹಿಗಳು ಸಮಯ ಹಾಳು ಮಾಡುತ್ತವೆ ಎಂಬುದು ಹಳೆಯ ದೂರು. ನಮ್ಮ ದೂರು ಬೇರೆ. ಅವು ನಮ್ಮ ಮನೆಗಳಲ್ಲೂ ಖಳರನ್ನು ಹುಡುಕಲು ಕಲಿಸುತ್ತವೆ. ಟಿವಿ ಆರಿಸಿದ ಮೇಲೂ ನಮ್ಮ ಕಣ್ಣು ಆ ಹುಡುಕಾಟ ನಿಲ್ಲಿಸುವುದಿಲ್ಲವಲ್ಲ, ಅದಕ್ಕೇನು ಮಾಡೋಣ?