ಒಂದೊಂದು ರಿಜಿಸ್ಟರಿನ ಲೆಕ್ಕ
ಲಿನಕ್ಸ್ ಕಂಪ್ಯೂಟರಿನಲ್ಲಿ ಆಟ ಆಡುವ ಎಷ್ಟೋ ಜನರಿಗೆ ಮೆಸಾದ ಹೆಸರೇ ಗೊತ್ತಿರುವುದಿಲ್ಲ. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದ ಈ ಮುಕ್ತ ತಂತ್ರಾಂಶ ಇಂದು ಎಎಂಡಿ, ಇಂಟೆಲ್‌ನಿಂದ ಹಿಡಿದು ಫೋನಿನ ಚಿಪ್‌ಗಳವರೆಗೆ ಗ್ರಾಫಿಕ್ಸ್ ಡ್ರೈವರ್‌ಗಳ ತವರು.

ಇದರೊಳಗೆ ನನಗೆ ಬಹಳ ಇಷ್ಟವಾದದ್ದು ಎಸಿಒ ಎಂಬ ಶೇಡರ್ ಕಂಪೈಲರ್, ಅಂದರೆ ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳಾದ ಶೇಡರ್‌ಗಳನ್ನು ಗ್ರಾಫಿಕ್ಸ್ ಚಿಪ್‌ನ ಭಾಷೆಗೆ ಇಳಿಸುವ ತಂತ್ರಾಂಶ. ಮೊದಲೆಲ್ಲ ಆಟದ ಮಧ್ಯೆ ಹೊಸ ಶೇಡರ್ ತಯಾರಾಗುವಾಗ ಚಿತ್ರ ತಡವರಿಸುತ್ತಿತ್ತು. ಹಳೆಯ ಕಂಪೈಲರ್ ಅಷ್ಟು ನಿಧಾನ. ಆಟಗಳ ಕಂಪನಿ ವಾಲ್ವ್‌ನ ಬೆಂಬಲದಿಂದ ಎಎಂಡಿ ಚಿಪ್‌ಗಳಿಗೆಂದೇ ಬರೆದ ಎಸಿಒ 2019ರಲ್ಲಿ ಮೆಸಾ ಸೇರಿತು. ಇದರ ಜಾಣ್ಮೆಯನ್ನು ರಿಜಿಸ್ಟರ್‌ಗಳನ್ನು, ಅಂದರೆ ಲೆಕ್ಕದ ಮೌಲ್ಯಗಳನ್ನು ಇಡುವ ಚಿಪ್‌ನೊಳಗಿನ ಪುಟ್ಟ ಜಾಗಗಳನ್ನು, ಹಂಚುವಲ್ಲಿ ನೋಡಬೇಕು. 64 ಪಿಕ್ಸೆಲ್‌ಗಳ ಲೆಕ್ಕ ಒಟ್ಟಿಗೆ ನಡೆಯುವಾಗ, ದೀಪದ ಬಣ್ಣದಂತೆ ಎಲ್ಲಕ್ಕೂ ಒಂದೇ ಆಗಿರುವ ಮೌಲ್ಯವನ್ನು 64 ಕಡೆ ಬರೆದಿಡದೆ ಒಂದೇ ಕಡೆ ಇಡುತ್ತದೆ. ಉಳಿದ ಜಾಗದಲ್ಲಿ ಇನ್ನಷ್ಟು ಕೆಲಸ ಜೊತೆಜೊತೆಗೇ ಸಾಗುತ್ತದೆ. ಮೆಮೊರಿಯಿಂದ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹಚ್ಚುವ ಚಿತ್ರ) ಬರುವ ತನಕ ಚಿಪ್ ಸುಮ್ಮನೆ ಕೂರಬೇಕಿಲ್ಲ.

ಇಂಥ ತಂತ್ರಾಂಶವನ್ನು ಬರೆಯುವುದಕ್ಕಿಂತ ನೋಡಿಕೊಳ್ಳುವುದು ಕಷ್ಟ. ಕಂಪೈಲರಿನಲ್ಲಿ ಸಣ್ಣ ಬದಲಾವಣೆ ಮಾಡಿದರೂ ಸಾವಿರಾರು ಶೇಡರ್‌ಗಳನ್ನು ಮತ್ತೆ ಕಂಪೈಲ್ ಮಾಡಿ, ಎಲ್ಲಿ ಸೂಚನೆಗಳು ಕಡಿಮೆಯಾದವು, ಎಲ್ಲಿ ಹೆಚ್ಚಾದವು ಎಂದು ಹೋಲಿಸುತ್ತಾರೆ. ಈ ಆರೈಕೆ ಹೊಸ ಚಿಪ್‌ಗಳಿಗಷ್ಟೇ ಅಲ್ಲ, ಮೆಸಾದಲ್ಲಿರುವ 2002ರ ರೇಡಿಯಾನ್ 9700 ಕಾರ್ಡಿನ ಡ್ರೈವರ್‌ಗೂ ಈ ದಶಕದಲ್ಲಿ ಸುಧಾರಣೆಗಳು ಸೇರಿವೆ. ಹಳೇ ಯಂತ್ರವನ್ನು ಗುಜರಿಗೆ ಹಾಕದೆ ಬಳಸುವ ಯಾರೋ ಒಬ್ಬರಿಗಾಗಿ ಇಷ್ಟು ಮುತುವರ್ಜಿ ವಹಿಸುವವರನ್ನು ಕಂಡರೆ ನನಗೆ ಅಪಾರ ಗೌರವ.