ಹೆಸರು ಬಿಟ್ಟು ಓದಬ್ಯಾಡಿ

ಡಿಸೆಂಬರ್ 17ನೇ ತಾರೀಕಿನ ಓದು ಅಂದರೆ ನಮ್ಮ ಚರ್ಚಿನಲ್ಲಿ ಆಕಳಿಕೆಯ ಓದು. ಅವತ್ತು ಮತ್ತಾಯನ ಶುಭಸಂದೇಶದ ಮೊದಲನೇ ಅಧ್ಯಾಯ, ಯೇಸುಸ್ವಾಮಿಯ ವಂಶಾವಳಿ. ಅಬ್ರಹಾಮನಿಂದ ಹಿಡಿದು ಜೋಸೆಫನವರೆಗೆ ಬರೀ ಹೆಸರು. ಓದುವವನ ನಾಲಿಗೆ ತೊಡರುತ್ತದೆ, ಕೇಳುವವರ ತಲೆ ತೂಗುತ್ತದೆ. ಹದಿನೈದು ವರ್ಷದ ಕೆಳಗೆ ಆ ಓದು ನನ್ನ ಪಾಲಿಗೆ ಬಂದಾಗ ನಾನು ನಡುವಿನ ಹೆಸರನ್ನೆಲ್ಲ ಬಿಟ್ಟೆ. ಅಬ್ರಹಾಮ, ದಾವೀದ, ಜೋಸೆಫ ಅಂತ ಹಾರಿ ಹಾರಿ ಮುಗಿಸಿಬಿಟ್ಟೆ. ಅದು ಎಂಥ ತಪ್ಪು ಅಂತ ಆಮೇಲೆ ತಿಳೀತು. ಆ ತಪ್ಪಿನ ದೆಸೆಯಿಂದಲೇ ಈ ಓದುಗಳ ಕಟ್ಟು ಏನು, ನಾವು ಅದನ್ನು ಹೇಗೆ ಕೆಡಿಸ್ತಾ ಇದ್ದೀವಿ ಅಂತ ಯೋಚಿಸೋದಕ್ಕೆ ಹತ್ತಿದೆ.

ಬೇರೆ ಮತದ ಓದುಗರಿಗೆ ಮೊದಲು ಒಂದು ವಿವರ ಹೇಳಬೇಕು. ಕ್ರಿಸ್ಮಸ್ಸಿಗೆ ಮುಂಚೆ ಬರುವ ಕಾಲಕ್ಕೆ ನಾವು ಆಗಮನ ಕಾಲ ಅನ್ನುತ್ತೇವೆ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗಿ ನಾಲ್ಕು ಭಾನುವಾರ ನಡೆದು ಹಬ್ಬದ ಹಿಂದಿನ ದಿನಕ್ಕೆ ಮುಗಿಯುತ್ತದೆ. ಕಡಿಮೆ ಅಂದರೆ 22 ದಿನ, ಹೆಚ್ಚು ಅಂದರೆ 28 ದಿನ. ಇದು ಹಬ್ಬವಲ್ಲ, ಹಬ್ಬಕ್ಕೆ ಮನಸ್ಸನ್ನು ಹದ ಮಾಡಿಕೊಳ್ಳುವ ಕಾಲ. ಬಿತ್ತೋದಕ್ಕೆ ಮುಂಚೆ ಹೊಲ ಉತ್ತು ಹರಗಿದ ಹಾಗೆ. ಈ ಕಾಲದ ಒಂದೊಂದು ದಿನಕ್ಕೂ ಶ್ರೀಗ್ರಂಥದ ಇಂಥ ಭಾಗ ಅಂತ ಗೊತ್ತು ಮಾಡಿದ ಪಟ್ಟಿ ಇದೆ. ನಮ್ಮ ರೋಮನ್ ಪದ್ಧತಿಯ ಚರ್ಚುಗಳಲ್ಲೆಲ್ಲ ಅವತ್ತು ಅದೇ ಓದು.

ಪಟ್ಟಿ ಬಹಳ ಹಳೇದು ಅಂತ ನಾನು ತಿಳಿದಿದ್ದೆ. ಅಲ್ಲ. 1963ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನಕ್ಕೆ ಶ್ರೀಗ್ರಂಥವನ್ನು ಇನ್ನೂ ಧಾರಾಳವಾಗಿ ಬಡಿಸಬೇಕು ಅಂತ ತೀರ್ಮಾನ ಮಾಡಿತು. 1969ರಲ್ಲಿ ಹೊಸ ಪಟ್ಟಿ ಬಂತು. ಅದಕ್ಕೆ ಮುಂಚೆ ಆಗಮನ ಕಾಲದ ಬಹುಪಾಲು ವಾರದ ದಿನಗಳಿಗೆ ತಮ್ಮದು ಅಂತ ಓದೇ ಇರಲಿಲ್ಲ. ಭಾನುವಾರದ್ದನ್ನೇ ತಿರುಗಿ ಓದೋರು, ಅದೂ ಲತೀನಿನಲ್ಲಿ. ನಮ್ಮಜ್ಜಿ ಅರ್ಥವಾಗದ ಮಾತಿಗೆ ಮೊಣಕಾಲೂರಿ ಕೂತವಳು. ಹಾಗಾಗಿ ನಮ್ಮ ಮಾತಿನಲ್ಲಿ ದಿನಕ್ಕೊಂದು ಓದು ಸಿಕ್ಕಿದ್ದು ನನ್ನ ಆಯುಸ್ಸಿನೊಳಗೇ. ಸಿಕ್ಕಿದ್ದನ್ನು ಇಷ್ಟು ಬೇಗ ಸಸಾರ ಮಾಡಬಾರದು.

ನಾನು ಏಳನೇ ಕ್ಲಾಸು ಓದಿದವನು. ದೇವಶಾಸ್ತ್ರ ನನಗೆ ಬರೋದಿಲ್ಲ. ಆದರೆ ಪದ ಹೇಳೋನು. ಮಾದಪ್ಪನ ಕತೆ ಹಾಡೋ ಕಂಸಾಳೆಯವರ ಹಿಂದೆ ಕೂತು ಸೊಲ್ಲು ಹಿಡಿದು ಕಲಿತವನು. ರಾತ್ರಿಯೆಲ್ಲ ಹಾಡುವ ಕತೆಗೆ ಒಂದು ಕಟ್ಟು ಇರ್ತದೆ. ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಮಾತನ್ನು ತಡೆದು ಹೇಳಬೇಕು ಅನ್ನೋದು ಕಿವಿಗೆ ಗೊತ್ತಾಗ್ತದೆ. ಆ ಕಿವಿಯಿಂದ ಕೇಳಿದರೆ ಈ ಪಟ್ಟಿ ಮಾಡಿದವರು ಒಳ್ಳೆ ಕತೆಗಾರರೇ.

ನೋಡಿ, ಮಗು ಹುಟ್ಟುವ ಕತೆಗೆ ಸಿದ್ಧವಾಗಿ ಅಂತ ಕರೆದವರು ಮೊದಲ ಭಾನುವಾರ ಮಗುವಿನ ಸುದ್ದಿಯನ್ನೇ ಎತ್ತೋದಿಲ್ಲ. ಲೋಕದ ಕಡೇ ದಿನದ ಮಾತಿನಿಂದ ಶುರು ಮಾಡ್ತಾರೆ. ಯಜಮಾನ ಯಾವ ಹೊತ್ತಿಗೆ ಬರ್ತಾನೋ, ಎಚ್ಚರವಾಗಿರಿ ಅಂತ. ಕೊನೆಯಿಂದ ಶುರು ಮಾಡಿ ಮೊದಲಿಗೆ ಬರೋದು. ಆಮೇಲೆ ಯೆಶಾಯ ಪ್ರವಾದಿಯ ಓದುಗಳು. ವರ್ಷಕ್ಕೆ ತಕ್ಕಂತೆ ಮೊದಲ ಭಾನುವಾರವೋ ಸೋಮವಾರವೋ ಜನ ಕತ್ತಿಯನ್ನು ಬಡಿದು ನೇಗಿಲ ಗುಳ ಮಾಡುವ ಮಾತು. ಮಂಗಳವಾರ, ದಾವೀದನ ಅಪ್ಪ ಇಷಾಯನ ಬುಡದಿಂದ ಚಿಗುರು ಒಡೆಯುವ ಮಾತು. ಕಡಿದ ಬೇವಿನ ಬೊಡ್ಡೆ ಚಿಗುರೋದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶನಿವಾರ, ಬಿತ್ತಿದ ಬೀಜಕ್ಕೆ ದೇವರು ಮಳೆ ಕೊಡ್ತಾನೆ, ದನಗಳು ಬಯಲಲ್ಲಿ ಮೇಯ್ತವೆ ಅನ್ನೋ ಮಾತು. ನಮ್ಮ ಕಡೆ ಅದು ರಾಗಿ ಕುಯ್ದು ಮೆದೆ ಹಾಕೋ ಹೊತ್ತು. ಮಳೆ ಕೈಕೊಟ್ಟ ವರ್ಷ ಆ ಓದು ಕೇಳೋದು ಕಷ್ಟ. ಕಷ್ಟವಾದರೂ ಕೇಳಿಸಿಕೊಳ್ಳಬೇಕು.

ಎರಡನೇ ವಾರದ ಮಂಗಳವಾರ ಕಾಡಿನಲ್ಲಿ ದಾರಿ ಮಾಡುವ ಓದು. ಹಳ್ಳ ತುಂಬಬೇಕು, ಬೆಟ್ಟ ತಗ್ಗಬೇಕು, ಡೊಂಕು ನೆಟ್ಟಗಾಗಬೇಕು. ದಿಂಬಂ ಘಾಟಿನ 27 ತಿರುವು ಇಳಿದು ಸತ್ಯಮಂಗಲದ ಆಸ್ಪತ್ರೆಗೆ ಬಸುರಿಯನ್ನು ಕರಕೊಂಡು ಹೋದ ಜನ ನಾವು. ಡೊಂಕು ದಾರಿ ಅಂದರೆ ಏನು ಅಂತ ನಮ್ಮ ಹೆಂಗಸರಿಗೆ ಮೈಯಲ್ಲೇ ಗೊತ್ತು. ಆ ವಾರದ ಗುರುವಾರದಿಂದ ಆ ದಾರಿ ಮಾಡೋಕೆ ಬಂದ ಸ್ನಾನಿಕ ಯೊವಾನ್ನನ ಸುದ್ದಿ ಏಳ್ತದೆ.

17ರಿಂದ 24ರವರೆಗೆ ಕಟ್ಟು ಬದಲಾಗ್ತದೆ, ಕತೆ ಮನೆಯೊಳಕ್ಕೆ ಬರ್ತದೆ. ಇಲ್ಲಿ ಎರಡು ಓದು ಒಂದಕ್ಕೊಂದು ಮುಮ್ಮೇಳ ಹಿಮ್ಮೇಳ ಇದ್ದ ಹಾಗೆ. 19ನೇ ತಾರೀಕು ಮೊದಲು ಸಂಸೋನನ ತಾಯಿ, ಮಕ್ಕಳಿಲ್ಲದವಳು, ಅವಳಿಗೆ ದೂತನ ಮಾತು. ಹಿಂದೆಯೇ ಎಲಿಜಬೇತಳಿಗೆ ಮುಪ್ಪಿನಲ್ಲಿ ಮಗುವಾಗುವ ಕತೆ. 22ಕ್ಕೆ ಮೊದಲು ಹನ್ನಳು ಬೇಡಿ ಪಡೆದ ಮಗನನ್ನು ದೇವರಿಗೇ ಒಪ್ಪಿಸ್ತಾಳೆ. ಹಿಂದೆಯೇ ಮರಿಯಮ್ಮನ ಹಾಡು. ಹಳೇ ಒಡಂಬಡಿಕೆ ಸೊಲ್ಲು ಎತ್ತುತ್ತದೆ, ಶುಭಸಂದೇಶ ಹಿಡೀತದೆ. ನಡುವೆ ಕೀರ್ತನೆಗೆ ಒಬ್ಬರು ಹೇಳಿ ಎಲ್ಲರೂ ತಿರುಗಿ ಹೇಳೋದಂತೂ ನಮ್ಮ ಸೋಬಾನೆಯ ಕ್ರಮವೇ. ಒಂದು ದಿನ ಬಿಟ್ಟರೆ ಸೊಲ್ಲು ಒಂಟಿಯಾಗ್ತದೆ.

ಈ ಮನೆಗೆ ಬಾಗಿಲು ಅಂದರೆ 17ರ ಹೆಸರಿನ ಪಟ್ಟಿ. ನಾನು ಹಾರಿದ್ದು ಆ ಬಾಗಿಲನ್ನೇ.

ನಮ್ಮೂರಿಗೆ ಗುರುಗಳು ವಾರಕ್ಕೊಂದು ದಿನ ಬರ್ತಾರೆ. ಉಳಿದ ದಿನ ಸಂಜೆ ಜಪಸರ ಆದ ಮೇಲೆ ಅವತ್ತಿನ ಓದನ್ನು ನಾವೇ ಓದ್ಕೊಳ್ಳೋದು. ಅವತ್ತು ಹತ್ತು ಹನ್ನೆರಡು ಜನ ಇದ್ದರು, ಚಳಿ ಹಿಡಿದಿತ್ತು. ನಾನು ಓದಿ ಮುಗಿಸಿ ಹೊರಗೆ ಬಂದರೆ ದೊಡ್ಡವ್ವ ಕಂಬಳಿ ಹೊದ್ದು ಜಗಲಿ ಮೇಲೆ ಕೂತಿದ್ದಳು.

"ಯಾಕ್ ಮಗ, ರೂತಮ್ಮನ ಎಲ್ಲಿ ಬುಟ್ಟೆ?" ಅಂದಳು.

"ಬರೀ ಹೆಸ್ರು ಅಲ್ವಾ ದೊಡ್ಡವ್ವ. ಹೊತ್ತಾಯ್ತು ಅಂತ ಬುಟ್ಟೆ."

"ಹೊತ್ತಾಯ್ತು ಅಂತ ಹೆಸ್ರು ಬುಡದಾ? ಹಕ್ಕಲಾಯ್ದೋಳು ಕನ ಅವ. ಅವಳ ಹೆಸ್ರು ಬತ್ತದ ಅಂತ್ಲೇ ಈ ಚಳೀಲಿ ನಾ ಬಂದು ಕೂತಿದ್ದು."

ದೊಡ್ಡವ್ವ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಗಂಡ ಸತ್ತಾಗ ಅವಳಿಗೆ ಎರಡು ಕೂಸು. ಕಂಡವರ ಹೊಲದಲ್ಲಿ ಕುಯ್ಲಾದ ಮೇಲೆ ಬಿದ್ದ ರಾಗಿ ತೆನೆ ಆಯ್ದು ಸಾಕಿದಳು. ರೂತಳೂ ಗಂಡ ಸತ್ತವಳು, ಮೋವಾಬ್ ಸೀಮೆಯ ಪರದೇಶಿ. ಅತ್ತೆಯ ಬೆನ್ನು ಹಿಡಿದು ಬೆತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ಹಕ್ಕಲಾಯ್ದವಳು. ಅವಳ ಮಗನ ಮೊಮ್ಮಗ ದಾವೀದ ರಾಜ. ದೊಡ್ಡವ್ವ ಇದನ್ನೆಲ್ಲ ಕಿವಿಯಲ್ಲೇ ಕೇಳಿ ಇಟ್ಟುಕೊಂಡಿದ್ದಳು. ನಾನು ಅಕ್ಷರ ಬಲ್ಲವನು ಹಾರಿದೆ.

ಆ ರಾತ್ರಿ ನನಗೆ ಹೆಳವಯ್ಯನ ನೆನಪಾಯ್ತು. ನಾನು ಹುಡುಗನಾಗಿದ್ದಾಗ ಕೆಲವು ವರ್ಷಕ್ಕೊಂದು ಸಲ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರೋನು. ಗೌಡರ ಮನೆ ಮುಂದೆ ನಿಂತು ಅವರ ಹಿರೀಕರ ಹೆಸರು ಎತ್ತಿದರೆ ತಲೆತಲಾಂತರ ಹೇಳೋನು. ಯಾರ ಮಗ ಯಾರು, ಯಾವ ಊರಿಂದ ಬಂದರು, ಹೆಣ್ಣು ಎಲ್ಲಿಗೆ ಕೊಟ್ಟರು, ಒಂದೂ ಬಿಡ್ತಿರಲಿಲ್ಲ. ಬಿಟ್ಟರೆ ಆ ಕವಲಿನವರು ಜಗಳಕ್ಕೇ ಬರೋರು. ಅವನ ಪದವೂ ಬರೀ ಹೆಸರೇ. ಆದರೂ ಊರೆಲ್ಲ ನಿಂತು ಕೇಳ್ತಿತ್ತು, ಒಬ್ಬರೂ ಆಕಳಿಸ್ತಿರಲಿಲ್ಲ. ನಮ್ಮ ಕೇರಿಗೆ ಮಾತ್ರ ಅವನು ಬರ್ತಿರಲಿಲ್ಲ. ನಮ್ಮ ಮುತ್ತಜ್ಜನ ಅಪ್ಪನ ಹೆಸರು ಏನು ಅಂದರೆ ನನಗೆ ಗೊತ್ತಿಲ್ಲ, ಹೇಳುವವರೂ ಉಳಿದಿಲ್ಲ. ನಮ್ಮಂಥವರಿಗೆ ಡಿಸೆಂಬರ್ 17ರ ಓದೇ ಹೆಳವಯ್ಯನ ಪದ. ಇದು ನಿಮ್ಮ ಮನೆತನವೂ ಹೌದು ಅಂತ ವರ್ಷಕ್ಕೊಂದು ಸಲ ಹೇಳೋದು ಅದು.

ಆಮೇಲೆ ಆ ಪಟ್ಟಿಯನ್ನು ರಾಗಿ ಕಾಳು ಇಟ್ಟು ಎಣಿಸಿ ನೋಡಿದೆ. ಮತ್ತಾಯ ಮೂರು ಕಟ್ಟು ಮಾಡ್ತಾನೆ, ಕಟ್ಟಿಗೆ 14 ತಲೆಮಾರು ಅಂತ. ಬಾಯಿಪಾಠಕ್ಕೆ ಹೂಡಿದ ಲೆಕ್ಕ ಇದು, ಪದ ಹೇಳೋರಿಗೆ ಕೂಡಲೇ ತಿಳೀತದೆ. ಮೂರನೇ ಕಟ್ಟಿನಲ್ಲಿ ಹೊಸ ಹೆಸರು 13 ಮಾತ್ರ ಸಿಗ್ತವೆ. ಇನ್ನೊಂದು ವಿಷಯ ನನ್ನನ್ನು ಬೆಚ್ಚಿಬೀಳಿಸಿತು. ಪೂರ್ವಕಾಲದ ವೃತ್ತಾಂತ ಅನ್ನುವ ಹಳೇ ಪುಸ್ತಕದಲ್ಲಿ ಇದೇ ವಂಶ ಇದೆ. ಅದರ ಪಕ್ಕ ಇಟ್ಟು ನೋಡಿದರೆ ಮತ್ತಾಯನೂ ನಡುವೆ ಹೆಸರು ಬಿಟ್ಟಿದ್ದಾನೆ! ಯೋರಾಮನಿಗೂ ಉಜ್ಜೀಯನಿಗೂ ಮಧ್ಯೆ ಮೂವರು ರಾಜರು ಕಾಣೆ.

ಹಂಗಾದರೆ ನಾನು ಮಾಡಿದ್ದೂ ಸರಿಯೇ? ಅಲ್ಲ. ಮತ್ತಾಯ ಕಿರೀಟ ಇಟ್ಟ ಮೂವರನ್ನು ಬಿಟ್ಟ, ನಾಲ್ಕು ಹೆಂಗಸರನ್ನು ಬಿಡಲಿಲ್ಲ. ಮಾವನ ಮನೆಯಿಂದ ನ್ಯಾಯ ಸಿಗದೆ ವೇಷ ಹಾಕಿ ನ್ಯಾಯ ಪಡೆದ ತಾಮಾರಳು. ಜೆರಿಕೋ ಊರಿನ ಸೂಳೆ ಅನ್ನಿಸಿಕೊಂಡ ರಾಹಾಬಳು. ಪರದೇಶಿ ರೂತಳು. ರಾಜನ ಕಣ್ಣು ಬಿದ್ದು ಗಂಡನನ್ನು ಕಳಕೊಂಡ ಊರೀಯನ ಹೆಂಡತಿ. ಗಂಡಸರ ಹೆಸರು ಸಾಕು ಅನ್ನುವ ಪಟ್ಟಿಯಲ್ಲಿ ಬೇಕು ಅಂತಲೇ ಇವರನ್ನು ಕೂರಿಸಿ, ಐದನೆಯವಳಾಗಿ ಮರಿಯಮ್ಮನನ್ನು ತಂದ. ಏನು ಬಿಟ್ಟ ಅನ್ನೋದರಲ್ಲಿ, ಏನು ಉಳಿಸಿದ ಅನ್ನೋದರಲ್ಲಿ ಅವನ ಮನಸ್ಸು ಗೊತ್ತಾಗ್ತದೆ. ನಾನು ರಾಜ ದಾವೀದನನ್ನು ಉಳಿಸಿ ಹಕ್ಕಲಾಯ್ದವಳನ್ನು ಬಿಟ್ಟೆ. ನನ್ನ ಮನಸ್ಸೂ ಅದರಲ್ಲೇ ಗೊತ್ತಾಯ್ತು.

ಈಗ ಪಟ್ಟಿ ಮಾಡಿದವರ ಮೇಲೂ ನನ್ನದು ಎರಡು ತಕರಾರಿದೆ. ಕ್ರಿಸ್ಮಸ್ ಹಿಂದಿನ ಸಂಜೆಯ ಜಾಗರಣೆ ಪೂಜೆಗೆ ಇದೇ ಮತ್ತಾಯನ ಓದು ಮತ್ತೆ ಬರ್ತದೆ. ಆದರೆ ಬೇಕಾದರೆ ಹೆಸರುಗಳನ್ನು ಬಿಟ್ಟು ಚಿಕ್ಕದಾಗಿ ಓದಬಹುದು ಅಂತ ಅಪ್ಪಣೆ ಕೊಟ್ಟಿದ್ದಾರೆ. ಚರ್ಚು ತುಂಬಿರೋ ದಿನವೇ ಹೆಸರಿಗೆ ರಜ. ಎರಡನೇದು, ಈ ನಾಲ್ಕು ಹೆಂಗಸರ ಹೆಸರು ಬಂದರೂ ಇಡೀ ಆಗಮನ ಕಾಲದಲ್ಲಿ ಒಬ್ಬಳ ಕತೆಯೂ ಓದಿಗೆ ಇಲ್ಲ. ಸಂಸೋನನ ತಾಯಿಗೆ ಸಿಕ್ಕ ಜಾಗ ತಾಮಾರಳಿಗೆ ಸಿಗಲಿಲ್ಲ. ಹೆಸರು ಕೂಗಿ ಕತೆ ಹೇಳದಿದ್ದರೆ ಹೊಸಬರಿಗೆ ಅದು ಸದ್ದು ಮಾತ್ರ.

ನಮ್ಮ ಮೇಲಿನ ತಕರಾರು ಇನ್ನೂ ದೊಡ್ಡದು. ಈಗ ಬೆಳಗಾದರೆ ಮೊಬೈಲಿಗೆ ಹೂವಿನ ಚಿತ್ರದ ಜೊತೆ ಒಂದು ವಾಕ್ಯ ಬರ್ತದೆ. ಅದನ್ನು ನಾಲ್ಕು ಜನಕ್ಕೆ ಕಳಿಸಿ ಓದು ಆಯ್ತು ಅಂತಾರೆ. ವಾಕ್ಯ ಒಳ್ಳೇದೇ. ಆದರೆ ಇಡೀ ಪದದಲ್ಲಿ ಒಂದು ಸಾಲು ಕಿತ್ತು ಕೊಟ್ಟರೆ ನಾನು ಅದನ್ನು ಹಾಡು ಅನ್ನೋದಿಲ್ಲ. ಬೆದರಿಸುವ ಓದು, ಹೆಸರಿನ ಓದು ಯಾವುದೂ ಆ ಚಿತ್ರದಲ್ಲಿ ಬರೋದಿಲ್ಲ. ಸಿಹಿ ಮಾತ್ರ ಆಯ್ದುಕೊಂಡರೆ ಅದು ಸಿದ್ಧತೆ ಹೇಗಾದೀತು?

ಇನ್ನು ನಮ್ಮ ಮಕ್ಕಳು. ತಮಿಳು ಸ್ಕೂಲಿನಲ್ಲಿ ಓದೋ ಕೆಲವರು ಕನ್ನಡದ ಓದನ್ನು ತಮಿಳಕ್ಷರದಲ್ಲಿ ಬರಕೊಂಡು ಬಂದು ಓದ್ತಾರೆ. ಓದಬೇಕು ಅನ್ನೋ ಅವರ ಆಸೆಗೆ ಕೈ ಮುಗೀತೀನಿ. ತಮಿಳಿನ ಮೇಲೆ ನನಗೆ ಮುನಿಸಿಲ್ಲ, ಅದು ತಮಿಳಿಗೆ ಸರಿಯಾದ ಅಕ್ಷರ. ಆದರೆ ಅಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ, ಪ-ಬ ಎರಡಕ್ಕೂ ಒಂದೇ. ದಾರಿ ಹೋಗಿ ತಾರಿ ಆಗ್ತದೆ, ಬೆಟ್ಟ ಹೋಗಿ ಪೆಟ್ಟ ಆಗ್ತದೆ. 20ನೇ ತಾರೀಕು ಕನ್ಯೆಗೆ ಗಂಡು ಮಗು ಹುಟ್ಟುವ ಯೆಶಾಯನ ಮಾತು ಬಂದಾಗ ಒಂದು ಹುಡುಗಿ 'ಕಂಡು ಮಗು' ಅಂತ ಓದಿತು. ಹಿಂದೆ ಕೂತವರು ನಕ್ಕರು. ಆ ಮಗು ಮರುವರ್ಷ ಓದೋಕೆ ಎದ್ದು ಬರಲಿಲ್ಲ. ತಪ್ಪು ಅವಳದಲ್ಲ, ನಗುವವರದ್ದು. ಅಕ್ಷರ ಕಲಿಸದೆ ನಗುವ ಹಕ್ಕು ನಮಗೆ ಎಲ್ಲಿಂದ ಬಂತು?

ಹೆಳವಯ್ಯ ಹೆಸರು ಹೇಳೋಕೆ ಮುಂಚೆ ಗಂಟೆ ಬಾರಿಸಿ, ಜನ ಸುಮ್ಮನಾಗುವ ತನಕ ಕಾಯ್ತಿದ್ದ. ನಾವು ಪುಟ ತೆರೆದ ಕೂಡಲೇ ಓಡ್ತೀವಿ. ಓದುವವರು ಹಿಂದಿನ ರಾತ್ರಿಯೇ ಒಂದು ಸಲ ಬಾಯಿಬಿಟ್ಟು ಓದಿಕೊಂಡರೆ ಅರ್ಧ ಕೆಲಸ ಮುಗೀತು. ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಬಂದ ಕಡೆ ಒಂದು ಉಸಿರು ನಿಲ್ಲಿ. ಕೇಳುವ ಮುದುಕಿಯರಿಗೆ ಅವರ ಮುಖ ನೆನಪಾಗಲು ಅಷ್ಟು ಹೊತ್ತು ಸಾಕು. ಹಳ್ಳಿ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಮತ ಯಾವುದೇ ಆಗಿರಲಿ, ಭಾನುವಾರ ಒಂದು ಗಂಟೆ ನಮ್ಮ ವಾಚನಾಲಯದಲ್ಲಿ ಈ ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಿ. ಅವರು ಏನು ಓದ್ತಾರೋ ಓದಲಿ, ಗ ಅನ್ನೋದನ್ನು ಗ ಅಂತ ಓದಲಿ.

ದೊಡ್ಡವ್ವ ತೀರಿಕೊಂಡು ಎಂಟು ವರ್ಷ ಆಯ್ತು. ಆ ಸಂಜೆಯ ಮಾರನೇ ವರ್ಷದಿಂದ 17ನೇ ತಾರೀಕಿನ ಓದನ್ನು ನಾನೇ ಕೇಳಿ ಇಸ್ಕೋತೀನಿ. ಈ ವರ್ಷ ನನ್ನ ಕಣ್ಣು ಮಂಜಾಗಿದೆ. 'ಕಂಡು ಮಗು' ಅಂದ ಆ ಹುಡುಗಿಯ ಮನೆಗೆ ಹೋಗಿ ಕೇಳಿ ಬಂದಿದ್ದೀನಿ, ಒಂದೊಂದು ಹೆಸರೂ ನಾನು ಹೇಳಿಕೊಡ್ತೀನಿ, ನೀನು ಓದವ್ವ ಅಂತ. ನೋಡ್ತೀನಿ ತಾತ ಅಂದಿದ್ದಾಳೆ.